ಅಪ್ಪನ ಪ್ರಶ್ನೆಗೆ ಉತ್ತರ, ಅಕ್ಕನಿಗೊಂದು ಕೋರಿಕೆ

ಅಪ್ಪ, ಅಮ್ಮ, ಅಕ್ಕ,

ಎಲ್ಲರಿಗೂ ನಮಸ್ಕಾರ. ನಾನು ಆರಾಮಾಗಿದ್ದೇನೆ. ಪರೀಕ್ಷೆ ಮುಗಿಯಿತು. ಎರಡು ದಿನ ಬರೀ ನಿದ್ದೆ ಮಾಡಿದೆ.

ಅಪ್ಪ, ಹೋದ ವಾರ ಫೋನಿನಲ್ಲಿ ಕೇಳಿದಿರಲ್ಲ, "ಸೈಕಾಲಜಿ ಓದಿದರೆ ಎದುರಿಗಿರೋರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುತ್ತಾ?" ಅಂತ. ಅವಸರದಲ್ಲಿ "ಇಲ್ಲಪ್ಪ" ಅಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಬೇಜಾರಾಯಿತು.

ನಿಜವಾಗಿಯೂ ಗೊತ್ತಾಗೋದಿಲ್ಲ. ಮೊದಲ ವರ್ಷ ನಾನು ಜಾಸ್ತಿ ಓದಿದ್ದು ಸ್ಟ್ಯಾಟಿಸ್ಟಿಕ್ಸ್. ವಿಲ್ಹೆಲ್ಮ್ ವುಂಟ್ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೈಕಾಲಜಿ ಲ್ಯಾಬ್ ತೆರೆದಾಗಿನಿಂದ ಈ ವಿಷಯದಲ್ಲಿ ಅಳೆಯೋದು ಒಂದು ಮುಖ್ಯ ಕೆಲಸ. ನಾವೂ ಅಳೆಯುತ್ತೇವೆ. ಸ್ಟ್ರೂಪ್ ಎನ್ನುವವರು 1935ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಈ ಸಲ ಮಾಡಿದೆವು. 'ಕೆಂಪು' ಅನ್ನೋ ಪದವನ್ನು ನೀಲಿ ಬಣ್ಣದಲ್ಲಿ ಬರೆದಿರುತ್ತೆ. ಪದ ಓದಬಾರದು, ಬಣ್ಣ ಹೇಳಬೇಕು. ನನ್ನೆದುರು ಕೂತ ಹುಡುಗಿ ಮೊದಲ ಹಾಳೆಯನ್ನು ಸರಾಗವಾಗಿ ಮುಗಿಸಿದಳು. ಪದ ಒಂದು, ಬಣ್ಣ ಇನ್ನೊಂದು ಇದ್ದ ಈ ಹಾಳೆ ಬಂದ ಕೂಡಲೇ ತಡವರಿಸಿದಳು. ತುಟಿ ಒಂದು ಪದಕ್ಕೆ ತೆರೆದುಕೊಳ್ಳುತ್ತಿತ್ತು, ಅವಳು ಅದನ್ನು ತಡೆದು ಇನ್ನೊಂದನ್ನು ಹೇಳುತ್ತಿದ್ದಳು. ಓದಬೇಡ ಅಂದರೂ ಓದಿಬಿಡುತ್ತೇವೆ, ಅಷ್ಟು ರೂಢಿಯಾಗಿಬಿಟ್ಟಿದೆ. ಸ್ಟಾಪ್‌ವಾಚ್ ಹಿಡಿದು ಕೂತಿದ್ದ ನನಗೆ ಮೈ ಜುಮ್ ಅಂದಿತು. ಅವಳ ಮನಸ್ಸಿನಲ್ಲಿ ಏನಿದೆಯೋ ಗೊತ್ತಾಗಲಿಲ್ಲ. ಆದರೆ ಆ ಮನಸ್ಸು ಹೇಗೆ ಕೆಲಸ ಮಾಡುತ್ತೆ ಅಂತ ಒಂದು ಚೂರು ಕಂಡಿತು.

ಅಕ್ಕ, ಈಗ ನಿನಗೆ. ನೆನಪಿನ ಬಗ್ಗೆ ಓದುವಾಗ ಪೂರ್ತಿ ನಿನ್ನದೇ ಯೋಚನೆ. 1974ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿಕ್ಕ ಫಿಲಂ ತೋರಿಸಿದರು. ಕಾರುಗಳು 'ತಾಗಿದಾಗ' ಎಷ್ಟು ವೇಗ ಇತ್ತು ಅಂತ 50 ಜನರನ್ನು ಕೇಳಿದರು, 'ಅಪ್ಪಳಿಸಿದಾಗ' ಅಂತ ಇನ್ನು 50 ಜನರನ್ನು. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂತ ವಿಚಾರಿಸಿದರು. ಮೊದಲ ಗುಂಪಿನಲ್ಲಿ 7 ಜನ ಹೌದು ಅಂದರು, ಎರಡನೆಯದರಲ್ಲಿ 16 ಜನ. ಫಿಲಂನಲ್ಲಿ ಒಡೆದ ಗಾಜೇ ಇರಲಿಲ್ಲ! ಅವರು ಯಾರೂ ಸುಳ್ಳು ಹೇಳಲಿಲ್ಲ ಅಕ್ಕ. ಕೇಳಿದ ಒಂದು ಪದ ನೆನಪಿನೊಳಗೆ ಸೇರಿಕೊಂಡಿತ್ತು.

ಚಿಕ್ಕವಳಿದ್ದಾಗ ನಾನು ಮೆಟ್ಟಿಲಿನಿಂದ ಬಿದ್ದೆನಲ್ಲ, ನೀನೇ ತಳ್ಳಿದ್ದು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದೆ. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿನ್ನ ಹಸಿರು ಫ್ರಾಕು, ಚಾಚಿದ ಕೈ. ಆದರೆ ಮೊನ್ನೆ ಕಣ್ಮುಚ್ಚಿ ಅದನ್ನೇ ನೋಡುತ್ತಾ ಕೂತಾಗ ಒಂದು ಹೊಳೆಯಿತು. ಆ ಚಿತ್ರದಲ್ಲಿ ನನ್ನ ಮುಖವೂ ಕಾಣುತ್ತೆ. ಬೀಳುವವಳಿಗೆ ತನ್ನದೇ ಮುಖ ಹೇಗೆ ಕಂಡೀತು? ಅಷ್ಟಾದರೂ ಆಮೇಲೆ ಸೇರಿದ್ದೇ ಅಲ್ವಾ? ಮಿಕ್ಕಿದ್ದರಲ್ಲಿ ಎಷ್ಟು ಹಾಗೆ ಸೇರಿದೆಯೋ. "ಹಿಡಿಯೋಕೆ ಬಂದೆ ಕಣೇ" ಅಂತ ನೀನು ಅತ್ತಿದ್ದೆ. ಒಂದು ಸಲವೂ ನಂಬಲಿಲ್ಲ. ತಪ್ಪಾಯಿತು ಅಕ್ಕ.

ಆ ದಿನ ನಿನಗೆ ನೆನಪಿರುವಷ್ಟನ್ನು ಬರೆದು ಕಳಿಸು. ಅಮ್ಮನೂ ಬೇರೆ ಹಾಳೆಯಲ್ಲಿ ಬರೆಯಲಿ. ಬರೆಯೋ ಮುಂಚೆ ಇಬ್ಬರೂ ಅದರ ಬಗ್ಗೆ ಮಾತಾಡಬೇಡಿ. ನನ್ನದನ್ನು ನಿನ್ನೆಯೇ ಬರೆದು ಲಕೋಟೆಗೆ ಹಾಕಿ ಅಂಟಿಸಿಟ್ಟಿದ್ದೇನೆ.

ನಿಮ್ಮ ಪ್ರೀತಿಯ
ಮಗಳು