ಮತ್ತೆ ಕೂಗಿದೆ: ಮಳಖೇಡ, ಸೇಡಂ

ಇವತ್ತು ಬೆಳಗ್ಗೆ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ‘ಮಳಖೇಡ, ಸೇಡಂ, ಬರ್ರಿ ಬರ್ರಿ’ ಎಂದು ಕೂಗಿದೆ. ಗಂಟಲು ಉರಿಯಲಿಲ್ಲ. ಐದು ತಿಂಗಳ ಮೇಲೆ ಇದೇ ಮೊದಲು. ಕಂಡಕ್ಟರ್‌ಗೆ ದನಿ ಎಷ್ಟು ಮುಖ್ಯ ಅಂತ ನಿಮಗೆ ಗೊತ್ತೇ ಇದೆ ಅಲ್ವಾ? ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ಮೊದಲು ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿತ್ತು. ಎಷ್ಟು ಕ್ಯಾಕರಿಸಿದರೂ ಹೋಗುತ್ತಿರಲಿಲ್ಲ. ಆಮೇಲೆ ಬಲಗಿವಿಯಲ್ಲಿ ನೋವು ಶುರುವಾಯಿತು. ಬೆಳ್ಳುಳ್ಳಿ ಎಣ್ಣೆ ಬಿಟ್ಟೆ, ಸುಮ್ನೆ ಸಿಕ್ಕ ಗುಳಿಗೆ ನುಂಗಿದೆ. ಒಂದು ರಾತ್ರಿ ಎದೆ ಹಿಂಡಿದಂತಾಯಿತು. ನಮ್ಮ ಡ್ರೈವರ್ ಅಣ್ಣ, ‘ಗ್ಯಾಸ್ ಅಂದುಕೊಂಡು ಮನ್ಯಾಗ ಕೂಡಬ್ಯಾಡ, ಮೊದಲು ಹಾರ್ಟ್ ತೋರಿಸು’ ಎಂದು ಗದರಿಸಿ ಕರೆದುಕೊಂಡು ಹೋದರು. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಸರಿಯಿತ್ತು. ಅಣ್ಣಾ, ಬೆಳಗಾಗುವ ತನಕ ಆ ಬೆಂಚಿನ ಮೇಲೆ ಕೂತಿದ್ದಿರಿ. ನಿಮ್ಮ ವಾರದ ರಜೆ ನನಗಾಗಿ ಹೋಯಿತು.

ಕಿವಿ-ಗಂಟಲು ಡಾಕ್ಟರ್ ಮೇಡಂಗೆ ಎಷ್ಟು ಕೈ ಮುಗಿದರೂ ಕಡಿಮೆ. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿಪೆಟ್ಟಿಗೆಯ ಹಿಂಭಾಗ ಕೆಂಪಗೆ ಬಾತಿತ್ತು. ಗಡ್ಡೆ ಇರಲಿಲ್ಲ. ಅದೊಂದೇ ಭಯ ನನ್ನನ್ನು ಒಳಗೇ ತಿನ್ನುತ್ತಿತ್ತು. ಕೆಂಪಗಿದ್ದ ಮಾತ್ರಕ್ಕೆ ಅದು ಹೊಟ್ಟೆಯ ಆಸಿಡ್‌ನಿಂದಲೇ ಎನ್ನಲಾಗದು ಎಂದು ನನ್ನ ಊಟ, ನಿದ್ದೆ ಎಲ್ಲ ಕೇಳಿದರು. ರಾತ್ರಿ ಹತ್ತೂವರೆಗೆ ಡ್ಯೂಟಿ ಮುಗಿಸಿ, ರೊಟ್ಟಿ, ಎಣ್ಣೆಗಾಯಿ, ಮೇಲೆ ಖಾರ ತಿಂದು ಹಾಗೇ ಮಲಗುತ್ತಿದ್ದೆ. ಹೊಟ್ಟೆಯ ಆಸಿಡ್ ಗಂಟಲಿಗೆ ಬರುತ್ತಿತ್ತು. ಕಿವಿಯಲ್ಲಿ ದೋಷವೇ ಇರಲಿಲ್ಲ. ಗಂಟಲಿಗೂ ಕಿವಿಗೂ ಒಂದೇ ನರದ ಕವಲು ಹೋಗುವುದರಿಂದ ಇಲ್ಲಿನ ನೋವು ಅಲ್ಲಿ ಕಾಣಿಸುತ್ತದಂತೆ.

ನನ್ನ ಹೆಂಡತಿ ಅವತ್ತಿನಿಂದಲೇ ರಾತ್ರಿ ಊಟದ ಡಬ್ಬಿ ಬೇರೆ ಕಟ್ಟತೊಡಗಿದಳು. ಏಳೂವರೆಗೆ ಸೇಡಂ ಸ್ಟ್ಯಾಂಡಿನಲ್ಲೇ ನನ್ನ ಊಟ, ಮಲಗುವ ಮೂರು ಗಂಟೆ ಮೊದಲು. ಮಂಚದ ತಲೆಯ ಕಡೆ ಕಾಲುಗಳಿಗೆ ಎರಡೆರಡು ಇಟ್ಟಿಗೆ ಇಟ್ಟು ಆರು ಇಂಚು ಎತ್ತರಿಸಿದಳು. ಜಾರಬಾರದೆಂದು ಇಟ್ಟಿಗೆಗೆ ಹಳೆಯ ಗೋಣಿ ಸುತ್ತಿ ಸುತಳಿಯಿಂದ ಬಿಗಿದಳು. ಬೆಳಗ್ಗೆ ನಾಷ್ಟಾಕ್ಕೆ ಅರ್ಧ ಗಂಟೆ ಮೊದಲು ಮೇಡಂ ಬರೆದುಕೊಟ್ಟ ಗುಳಿಗೆ ಕೈಗಿಡುವವಳೂ ಅವಳೇ. ಎದೆ ಉರಿ ಎರಡು ವಾರದಲ್ಲಿ ಇಳಿಯಿತು. ಗಂಟಲಿಗೆ ಮೂರು ತಿಂಗಳ ಮೇಲೆ ಬೇಕಾಯಿತು. ನಾನು ಬೇಸತ್ತ ದಿನಗಳಲ್ಲೂ ಅವಳು ಬೇಸರ ಮಾಡಿಕೊಳ್ಳಲಿಲ್ಲ.

ಇನ್ನು ಸೇಡಂ ಕಾಲೇಜಿನ ಹುಡುಗರು. ನನ್ನ ದನಿ ಏಳದಿದ್ದಾಗ ಬಾಗಿಲಲ್ಲಿ ನಿಂತು ಪ್ರತಿ ಸ್ಟಾಪಿನ ಹೆಸರು ನೀವೇ ಕೂಗಿದಿರಿ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನಾಳೆ ಸೀಟು ಹಿಡಿದು ಕೂತುಕೊಳ್ಳಿ. ನಾನೇ ಕೂಗುತ್ತೇನೆ.