ಚಕ್ರಗಳ ಮೈಟರ್ ಸಾ ಸ್ಟ್ಯಾಂಡ್ ಮಾಡಿಕೊಳ್ಳುತ್ತಿರುವ ಸದಸ್ಯರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ. ಚಿಕ್ಕ ವರ್ಕ್‌ಶಾಪಿಗೆ ಮೈಟರ್ ಸಾ (ಮರವನ್ನು ಬೇಕಾದ ಕೋನಕ್ಕೆ ಅಡ್ಡಲಾಗಿ ಕತ್ತರಿಸುವ ವಿದ್ಯುತ್ ಗರಗಸ) ಇಡುವ ಈ ಸ್ಟ್ಯಾಂಡ್ ಕಟ್ಟುವವರು ಮೊದಲು ಯಂತ್ರದಲ್ಲಿ ಮರ ಕೂರುವ ತಳದ ಎತ್ತರವನ್ನು ಅಳೆದುಕೊಂಡು, ಎರಡೂ ಬದಿಯ ಹಲಗೆಗಳು ಅದೇ ಮಟ್ಟಕ್ಕೆ ಬರುವಂತೆ 18 ಮಿ.ಮೀ. ಪ್ಲೈವುಡ್‌ನಲ್ಲಿ ಚೌಕಟ್ಟನ್ನು ಕಟ್ಟಬೇಕೆಂದು ಕೋರುತ್ತೇನೆ. ನಾನು ಮೊದಲು ಮಾಡಿದ ಸ್ಟ್ಯಾಂಡಿನಲ್ಲಿ ಬಲಬದಿಯ ಹಲಗೆ ಕೇವಲ 2 ಮಿ.ಮೀ. ತಗ್ಗಿದ್ದುದರಿಂದ ಉದ್ದನೆಯ ಸಾಗುವಾನಿ ಪಟ್ಟಿಯ ತುದಿ ಕೆಳಕ್ಕೆ ವಾಲುತ್ತಿತ್ತು. ಕತ್ತರಿಸಿದ ಅಂಚಿಗೆ ಮೂಲೆಮಟ್ಟ ಹಿಡಿದು ನೋಡಿದರೆ ನಡುವೆ ಗೆರೆಯಷ್ಟು ಬೆಳಕು ಕಾಣುತ್ತಿತ್ತು. ಒಟ್ಟು ಎತ್ತರದಲ್ಲಿ ಚಕ್ರದ ಎತ್ತರವನ್ನೂ ಸೇರಿಸಿ ಲೆಕ್ಕ ಹಾಕಿರಿ, ಇದನ್ನು ಮರೆಯುವವರೇ ಹೆಚ್ಚು. ನಾಲ್ಕೂ ಚಕ್ರಗಳಿಗೆ ಬ್ರೇಕ್ ಇರಲಿ. ಅದುರುವಿಕೆಗೆ ಸ್ಕ್ರೂಗಳು ಸಡಿಲಗೊಳ್ಳುವುದರಿಂದ ಯಂತ್ರವನ್ನು ವಾಷರ್ ಹಾಕಿದ ಬೋಲ್ಟ್‌ಗಳಿಂದಲೇ ಬಿಗಿಯಬೇಕು. ಸ್ಟ್ಯಾಂಡನ್ನು ತಳ್ಳುವ ಮೊದಲು ಪ್ಲಗ್ ತೆಗೆದು, ಯಂತ್ರದ ತಲೆಯನ್ನು (ಬ್ಲೇಡ್ ಇರುವ ಮೇಲ್ಭಾಗವನ್ನು) ಕೆಳಗಿಳಿಸಿ ಲಾಕ್ ಮಾಡಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.