ಭಾನುವಾರ ಮೂರು ಮೇಣದಬತ್ತಿ ತನ್ನಿ

ಎಲ್ಲರಿಗೂ ನಮಸ್ಕಾರ, ಸಲಾಂ.

ಈ ಭಾನುವಾರ ಸಂಜೆ 6:30ಕ್ಕೆ ಸೇರೋಣ. ಈ ಸಲ ಅರಬ್ ವಿಜ್ಞಾನಿ ಇಬ್ನ್ ಅಲ್ ಹೈಸಮ್ ಬಗ್ಗೆ ಮಾತು. ಸುಮಾರು 965ರಲ್ಲಿ ಈಗಿನ ಇರಾಕಿನ ಬಸ್ರಾದಲ್ಲಿ ಹುಟ್ಟಿ, ಮುಂದೆ ಕೈರೋದಲ್ಲಿ ನೆಲೆಸಿದವರು. ಬೆಳಕು ಮತ್ತು ನೋಟದ ಬಗ್ಗೆ 7 ಭಾಗಗಳ ‘ಕಿತಾಬ್ ಅಲ್ ಮನಾಝಿರ್’ ಬರೆದವರು.

ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ, ಅದಕ್ಕೇ ನಮಗೆ ಕಾಣುತ್ತದೆ ಎಂದು ಹಳೇ ಕಾಲದ ಗ್ರೀಕ್ ಪಂಡಿತರಾದ ಯೂಕ್ಲಿಡ್, ಟಾಲೆಮಿ ಹೇಳಿದ್ದರು. ಇಬ್ನ್ ಅಲ್ ಹೈಸಮ್ ಅದನ್ನು ಒಪ್ಪಲಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ, ಅಲ್ವಾ? ಅಂದರೆ ಬೆಳಕೇ ಹೊರಗಿನಿಂದ ಕಣ್ಣಿಗೆ ಬರುತ್ತಿರಬೇಕು.

ಅವರು ಮಾಡಿದ ಒಂದು ಪ್ರಯೋಗವನ್ನು ನಾವೂ ಮಾಡೋಣ. ಕತ್ತಲೆ ಕೋಣೆ, ನಡುವೆ ಸಣ್ಣ ತೂತಿರುವ ರಟ್ಟು, ಈಚೆ ಸಾಲಾಗಿ ಮೂರು ದೀಪ. ಆಚೆ ಗೋಡೆಯ ಮೇಲೆ ಬೆಳಕಿನ ಮೂರು ಚುಕ್ಕೆ ಮೂಡುತ್ತವೆ. ಎಡಗಡೆಯ ದೀಪವನ್ನು ಕೈಯಿಂದ ಮರೆಮಾಡಿ, ಬಲಗಡೆಯ ಚುಕ್ಕೆ ಮಾತ್ರ ಮಾಯ! ಕೈ ತೆಗೆದರೆ ಮತ್ತೆ ಹಾಜರ್. ಬೆಳಕು ನೇರವಾಗಿ ಸಾಗುತ್ತದೆ, ಒಂದೇ ತೂತಿನಲ್ಲಿ ನುಗ್ಗಿದರೂ ಒಂದಕ್ಕೊಂದು ಬೆರೆಯುವುದಿಲ್ಲ. ಮೊನ್ನೆ ಮನೆಯಲ್ಲಿ ಮಾಡಿ ನೋಡಿದೆ, ಮೈ ಜುಮ್ ಎಂದಿತು.

ಟಾಲೆಮಿಯ ತಪ್ಪುಗಳ ಮೇಲೆಯೇ ಅವರು ಇನ್ನೊಂದು ಪುಸ್ತಕ ಬರೆದಿದ್ದಾರೆ. ದೊಡ್ಡವರು ಹೇಳಿದರು ಎಂದು ಸುಮ್ನೆ ತಲೆದೂಗಿದವರಲ್ಲ. ನನಗೆ ಅವರಲ್ಲಿ ಜಾಸ್ತಿ ಇಷ್ಟವಾಗುವುದು ಇದೇ.

ಮೇಣದಬತ್ತಿ, ಬೆಂಕಿಪೊಟ್ಟಣ, ಹಳೇ ರಟ್ಟಿನ ಡಬ್ಬ ತನ್ನಿ. ಮಕ್ಕಳನ್ನು ಖಂಡಿತ ಕರೆತನ್ನಿ, ದೀಪ ಹಚ್ಚುವುದು ಮಾತ್ರ ದೊಡ್ಡವರು. ಬರುವವರು ಶನಿವಾರದೊಳಗೆ ಇಲ್ಲಿ ತಿಳಿಸಿ.